‘ಮೇಡ್ ಇನ್ ಇಂಡಿಯಾ’ ಗೆದ್ದಿದ್ದು ಅಲಿಶಾ ದನಿಯಿಂದಲೋ, ಆ ವಿಡಿಯೋದಿಂದಲೋ?

ಹಳೇ ಟೇಪ್
1995ರ ಅಲಿಶಾ ಚಿನಾಯ್ ಹಿಂದಿ ಪಾಪ್ ಆಲ್ಬಂ ಬಗ್ಗೆ ನನ್ನದೊಂದು ತಕರಾರು. ‘ಮೇಡ್ ಇನ್ ಇಂಡಿಯಾ’ ಲಕ್ಷಗಟ್ಟಲೆ ಮಾರಾಟವಾಯಿತು, ಸಿನಿಮಾ ಇಲ್ಲದೆಯೂ ಹಾಡು ಓಡುತ್ತದೆ ಅಂತ ತೋರಿಸಿತು, ಒಪ್ಪುತ್ತೇನೆ. ಆದರೆ ಟೈಟಲ್ ಹಾಡು ಬಿಟ್ಟು ಅದರ ಇನ್ನೊಂದು ಹಾಡನ್ನು ಯಾರಾದರೂ ಗುನುಗಿ ನೋಡೋಣ. ಬಾಯಿಗೆ ಬರುವುದೇ ಇಲ್ಲ. ಜನ ಕೊಂಡಿದ್ದು ಒಂದೇ ಒಂದು ಹಾಡನ್ನು. ಆ ಹಾಡನ್ನು ಮಾರಿಕೊಟ್ಟಿದ್ದು ಕೆನ್ ಘೋಷ್ ಮಾಡಿದ ವಿಡಿಯೋ ಮತ್ತು ಅದರಲ್ಲಿದ್ದ ಮಾಡೆಲ್ ಮಿಲಿಂದ್ ಸೋಮನ್. ಗಾಯಕಿಗೆ ಇಷ್ಟೊಂದು ಹೊಗಳಿಕೆ ಯಾಕೆ?

ಕುಶಾಲನಗರದ ಕಾಫಿ
ಸರ್, ಗಾಯಕಿ, ವಿಡಿಯೋ ಅಂತ ಇಬ್ಬರಿಗೇ ಹಂಚಿಬಿಟ್ಟಿರಲ್ಲ, ಟ್ಯೂನ್ ಹಾಕಿದವರು ಎಲ್ಲಿ? ಅವರ ಹೆಸರು ಬಿದ್ದು ಅಪ್ಪಯ್ಯ, ನಮ್ಮ ಕೊಡವರು, ಹುಟ್ಟಿದ್ದು ಬೆಂಗಳೂರಿನಲ್ಲಿ. ಅಲ್ಲೇ ಟ್ರೋಜನ್ಸ್ ಅನ್ನೋ ಬ್ಯಾಂಡ್‌ನಲ್ಲಿ ನುಡಿಸುತ್ತಿದ್ದು, ಆಮೇಲೆ ಇಂಗ್ಲೆಂಡಿಗೆ ಹೋದವರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಅವರದೇ ಕೆಲಸ. ರೆಕಾರ್ಡಿನ ಹಿಂಬದಿ, ಅಂದರೆ ಬಿ ಸೈಡ್, ತುಂಬಿಸೋಕೆ ಅಂತ ಗಡಿಬಿಡಿಯಲ್ಲಿ ಮುಗಿಸಿದ ಹಾಡು, ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ನಂಬರ್ ಒನ್ ಆಯಿತು. 1980ರಲ್ಲಿ ‘ಕುರ್ಬಾನಿ’ ಸಿನಿಮಾಗೆ ನಾಜಿಯಾ ಹಸನ್ ಕೈಲಿ ‘ಆಪ್ ಜೈಸಾ ಕೋಯಿ’ ಹಾಡಿಸಿದ್ದು, ಮರುವರ್ಷ ‘ಡಿಸ್ಕೋ ದೀವಾನೆ’ ತಂದಿದ್ದು, ಎಲ್ಲಾ ಅವರೇ. ‘ಮೇಡ್ ಇನ್ ಇಂಡಿಯಾ’ ಕೂಡ ಮೊದಲು ನಾಜಿಯಾಗೆ ಅಂತಲೇ ಇತ್ತು. ಪಾಕಿಸ್ತಾನದ ಹುಡುಗಿ ಅದನ್ನು ಹಾಡಿದರೆ ಅವರ ದೇಶದವರಿಗೆ ಬೇಸರವಾಗಬಹುದು ಅಂತ ಆಕೆ ಬೇಡ ಅಂದರು. ಹಾಗಾಗಿ ಅಲಿಶಾಗೆ ಸಿಕ್ಕಿತು.

ಹಳೇ ಟೇಪ್
ನೋಡಿ, ನೀವು ನನ್ನ ಮಾತನ್ನೇ ಹೇಳುತ್ತಿದ್ದೀರಿ. ಯಾರು ಹಾಡಿದ್ದರೂ ಓಡುತ್ತಿತ್ತು ಅಂತಾಯ್ತು!

ಸುಮಾ ಹಾಸನ
ಸುಮ್ನೆ ಏನೋ ಹೇಳಬೇಡಿ. ‘ಮಿಸ್ಟರ್ ಇಂಡಿಯಾ’ದ ‘ಕಾಟೆ ನಹೀ ಕಟ್ತೇ’ ಕೇಳಿ. 1987ರಲ್ಲೇ ಕಿಶೋರ್ ಕುಮಾರ್ ಪಕ್ಕ ನಿಂತು ಹಾಡಿದವಳು ಈಕೆ. ಅರ್ಧ ಉಸಿರು, ಅರ್ಧ ದನಿ. ‘ಮೇಡ್ ಇನ್ ಇಂಡಿಯಾ’ದಲ್ಲೂ ಅಷ್ಟೇ, ಒಂದು ಕಡೆಯೂ ಗಂಟಲು ಏರಿಸುವುದಿಲ್ಲ. ಪಲ್ಲವಿಗೆ ಬಂದಾಗಲೂ ಪಕ್ಕದಲ್ಲಿ ಕೂತು ಮಾತಾಡಿದ ಹಾಗೇ ಇರುತ್ತದೆ. ಆ ಟ್ಯೂನನ್ನು ಜೋರಾಗಿ ಕಿರುಚಿ ಹಾಡಿದ್ದರೆ ದೇಶಭಕ್ತಿ ಗೀತೆ ಆಗಿಬಿಡುತ್ತಿತ್ತು.

ಇನ್ನೊಂದು ವಿಷಯ. ನಮ್ಮಲ್ಲಿ ಹಿನ್ನೆಲೆ ಗಾಯಕಿ ಅಂದರೆ ದನಿ ಇವಳದು, ಮುಖ ನಾಯಕಿಯದು. ಈ ವಿಡಿಯೋದಲ್ಲಿ ರಾಜಕುಮಾರಿ ಆಗಿದ್ದು ಹಾಡಿದವಳೇ. ದೇಶದೇಶದ ಗಂಡುಗಳನ್ನು ಬೇಡ ಅನ್ನುವವಳೂ ಅವಳೇ. ಕ್ಯಾಸೆಟ್ ಮೇಲೆ ಫೋಟೋ ಕೂಡ ಅವಳದೇ. ಅದು ಸಣ್ಣ ವಿಷಯ ಅಲ್ಲ.

ದಾವಣಗೆರೆ ದೋಸ್ತ್
ಅಕ್ಕ ಹೇಳಿದ್ದು ಸರಿ, ಆದರೆ ಅಂಗಡಿಯ ಕಥೆ ಬೇರೆ ಇತ್ತು. ಕಾಲೇಜು ಮುಗಿಸಿ ಸಂಜೆ ನಮ್ಮ ಚಿಕ್ಕಪ್ಪನ ಕ್ಯಾಸೆಟ್ ಅಂಗಡಿಯಲ್ಲಿ ಕೂರುತ್ತಿದ್ದೆ. ಬಂದವರಲ್ಲಿ ಅರ್ಧ ಜನಕ್ಕೆ ಗಾಯಕಿ ಹೆಸರೇ ಗೊತ್ತಿಲ್ಲ. "ಆ ಪೆಟ್ಟಿಗೆಯಿಂದ ಹುಡುಗ ಹೊರಗೆ ಬರ್ತಾನಲ್ಲ, ಆ ಹಾಡಿನ ಕ್ಯಾಸೆಟ್ ಕೊಡ್ರಿ" ಅನ್ನೋರು. ಅದೂ ಹುಡುಗಿಯರು ಗುಂಪಾಗಿ ಬಂದು, ಒಬ್ಬಳನ್ನು ಮುಂದೆ ತಳ್ಳಿ ಕೇಳಿಸೋರು. ಮನೆಯಲ್ಲಿ ಕೇಬಲ್ ಇದ್ದವರಿಗಷ್ಟೇ ವಿಡಿಯೋ ಗೊತ್ತು, ಉಳಿದವರು ಅವರ ಬಾಯಿಂದ ಕೇಳಿ ಬರೋರು.

ಮಾರಾಟದ ಲೆಕ್ಕ ಅಂತ ಕೆಲವರು ದೊಡ್ಡ ದೊಡ್ಡ ಸಂಖ್ಯೆ ಹೇಳುತ್ತಾರೆ, ನಂಬಬೇಡಿ. ಕಂಪನಿ ಹೇಳಿದ್ದೇ ಲೆಕ್ಕ ಆಗಿದ್ದ ಕಾಲ ಅದು. ಆಲ್ಬಂ ತಂದ ಮ್ಯಾಗ್ನಾಸೌಂಡ್ ಕಂಪನಿಯ ಅಸಲಿ ಕ್ಯಾಸೆಟ್ ಪಕ್ಕದಲ್ಲೇ ನಕಲಿಯೂ ಸಿಗುತ್ತಿತ್ತು. ಖಾಲಿ ಕ್ಯಾಸೆಟ್ ತಂದು "ಇದೊಂದು ಹಾಡು ಹಾಕಿಕೊಡಿ, ಉಳಿದಿದ್ದು ರೆಹಮಾನ್" ಅನ್ನೋರೂ ಬೇಕಾದಷ್ಟು ಜನ.

ಹಳೇ ಟೇಪ್
"ಇದೊಂದು ಹಾಡು." ಕೇಳಿಸಿತಾ ಸುಮಾ ಮೇಡಂ?

ಸುಮಾ ಹಾಸನ
ಕೇಳಿಸಿತು. ಒಂದು ಹಾಡಿಗೆ ಇಡೀ ಕ್ಯಾಸೆಟ್ ಕೊಳ್ಳುವುದು ನಮ್ಮ ದೇಶದಲ್ಲಿ ಹೊಸದೇನಲ್ಲ. ಸಿನಿಮಾ ಕ್ಯಾಸೆಟ್‌ಗಳನ್ನೂ ಹಾಗೇ ಕೊಂಡಿದ್ದೇವೆ. ಆಗ ಯಾರೂ ಆಕ್ಷೇಪ ಮಾಡಲಿಲ್ಲ.

ಪುತ್ತೂರಿನ ಪಾಪ್
ಮಾರಾಯ್ರೆ, ನೀವೆಲ್ಲ ಸಿನಿಮಾ ಬಿಟ್ಟ ಹಾಡು 1995ರಲ್ಲೇ ಹುಟ್ಟಿತು ಅಂತ ಮಾತಾಡ್ತಿದ್ದೀರಲ್ಲ! ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಿದ್ದು 1978ರಲ್ಲಿ, ಮೈಸೂರು ಅನಂತಸ್ವಾಮಿ ಸಂಗೀತ. ಅಶ್ವಥ್ ಅವರ ‘ಮೈಸೂರು ಮಲ್ಲಿಗೆ’, ಶರೀಫರ ಹಾಡುಗಳು, ಎಷ್ಟು ಮನೆಯಲ್ಲಿ ಇರಲಿಲ್ಲ ಹೇಳಿ? ವಿಡಿಯೋ ಇಲ್ಲ, ಪೆಟ್ಟಿಗೆ ಇಲ್ಲ, ಹುಡುಗನೂ ಇಲ್ಲ.

ಕುಶಾಲನಗರದ ಕಾಫಿ
ಅದು ಭಾವಗೀತೆ, ಪಾಪ್ ಅಲ್ವಲ್ಲ. ಅಲ್ಲಿ ಕವಿತೆ ಮೊದಲೇ ಇತ್ತು, ರಾಗ ಆಮೇಲೆ ಬಂತು. ಬಿದ್ದು ಅವರ ಕೆಲಸ ಕುಣಿಸುವುದು. ತಾಳ ಗಟ್ಟಿ ಇರಬೇಕು, ಪಲ್ಲವಿ ಒಂದೇ ಸಲಕ್ಕೆ ತಲೆಯಲ್ಲಿ ಕೂರಬೇಕು.

ಪುತ್ತೂರಿನ ಪಾಪ್
ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಹಾಡನ್ನೇ ರಘು ದೀಕ್ಷಿತ್ 2008ರ ಆಲ್ಬಂನಲ್ಲಿ ಹಾಡಿದರು. ಗಿಟಾರ್ ಹಿಡಿದು ಕುಣಿಸಲಿಲ್ವಾ? ಅದು ಯಾವ ಲೆಕ್ಕಕ್ಕೆ?

ಕುಶಾಲನಗರದ ಕಾಫಿ
ಅದು ನಿಜ. ಅದಕ್ಕೆ ಉತ್ತರ ಇಲ್ಲ.

ಹಳೇ ಟೇಪ್
ನನಗೆ ನಗು ಬರುವುದು ಹಾಡಿನ ಮಾತಿಗೆ. 1991ರ ಉದಾರೀಕರಣ ಆಗಿ ವಿದೇಶಿ ಮಾಲು ಆಗಷ್ಟೇ ಅಂಗಡಿಗೆ ಬರುತ್ತಿತ್ತು. ಜಪಾನ್, ರಷ್ಯಾ ಎಲ್ಲಾ ನೋಡಿಯಾಯಿತು, ನಮಗೆ ದೇಸಿ ಹೃದಯವೇ ಬೇಕು ಅಂತ ಹಾಡು. ಟ್ಯೂನ್ ಮಾಡಿದವರೋ ಲಂಡನ್‌ಗೆ ಹೋಗಿ ಹೆಸರಾದವರು, ಅದನ್ನು ಮನೆಮನೆಗೆ ಮುಟ್ಟಿಸಿದ್ದು ಫಾರಿನ್ ಚಾನೆಲ್‌ಗಳು!

ಸುಮಾ ಹಾಸನ
ಅದಕ್ಕೇ ತಾನೇ ಆಗ ಅಷ್ಟು ಹಿಡಿಸಿದ್ದು? ಕೋಕ್ ಕುಡಿಯುತ್ತಾ ದೇಸಿ ಅನ್ನಿಸಿಕೊಳ್ಳುವ ಆಸೆ ನಮಗೆಲ್ಲ ಇತ್ತು. ಇರಲಿ, ದನಿ ವಿಷಯಕ್ಕೆ ಬನ್ನಿ. ಹತ್ತು ವರ್ಷ ಆದಮೇಲೆ, 2005ರಲ್ಲಿ ‘ಕಜರಾ ರೇ’ ಹಾಡಿ ಫಿಲ್ಮ್‌ಫೇರ್ ತಗೊಂಡಳಲ್ಲ. ಅಲ್ಲಿ ಮಿಲಿಂದ್ ಸೋಮನ್ ಎಲ್ಲಿದ್ದ?

ಹಳೇ ಟೇಪ್
ಅಲ್ಲಿ ಐಶ್ವರ್ಯಾ ರೈ ಇದ್ದಳು ಮೇಡಂ.

ದಾವಣಗೆರೆ ದೋಸ್ತ್
ಇಬ್ಬರೂ ಬಿಡೋ ಹಾಗೆ ಕಾಣಲ್ಲ. ಸರ್, ಒಂದು ಕೆಲಸ ಮಾಡಿ. ವಿಡಿಯೋ ಹಾಕಿ, ಫೋನ್ ಮಗುಚಿ ಇಟ್ಟು, ಇಯರ್‌ಫೋನ್‌ನಲ್ಲಿ ಹಾಡು ಮಾತ್ರ ಕೇಳಿ. ಆಮೇಲೆ ಬಂದು ಬರೆಯಿರಿ.