ಹಳೆಯ ಫಿರಂಗಿ ಶೆಲ್ಲಿನ ಹಿತ್ತಾಳೆ ಕೇಸ್: ಅನುಭವಸ್ಥರು ತಿಳಿಸಿ

ಮಡಿಕೇರಿಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಸುಮಾರು ಒಂದಡಿ ಎತ್ತರದ, ಕಪ್ಪಿಟ್ಟ ಹಿತ್ತಾಳೆ ಶೆಲ್ ಕೇಸ್ (ಫಿರಂಗಿ ಗುಂಡಿನ ಹಿಂದೆ ಮದ್ದು ತುಂಬುವ ಕೊಳವೆ) ಸಿಕ್ಕಿದೆ. ತಳದಲ್ಲಿ '18 ಪಿಆರ್', 'ಸಿಎಫ್', 1916 ಎಂದಿದೆ. ಇದು ಯಾವ ಫಿರಂಗಿಯದು? ಹುಣಸೆಹಣ್ಣು ಹಾಕಿ ತೊಳೆಯಬಹುದೇ?

ಉತ್ತರ: ತೊಳೆಯುವ ಮಾತು ಆಮೇಲಿರಲಿ. ಬಾಯಿಯಲ್ಲಿ ಗುಂಡು ಕೂತಿದ್ದರೆ ಅದನ್ನು ಅಲುಗಾಡಿಸದೆ ಪೊಲೀಸರಿಗೆ ತಿಳಿಸಿ. ಬಾಂಬ್ ನಿಷ್ಕ್ರಿಯ ದಳದವರು ನೋಡಿಕೊಳ್ಳುತ್ತಾರೆ. ಖಾಲಿ ಕೇಸ್ ಆದರೂ ತಳದ ನಡುವಿನ ಪ್ರೈಮರ್ (ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಮೇಲೆ ಗುಳಿ ಬಿದ್ದಿದೆಯೆಂದ ಮಾತ್ರಕ್ಕೆ ಅದು ಉರಿದಿದೆ ಎನ್ನಲಾಗದು, ಏಕೆಂದರೆ ಪೆಟ್ಟು ಬಿದ್ದೂ ಹೊತ್ತಿಕೊಳ್ಳದವು ಇರುತ್ತವೆ. ಗುರುತುಗಳ ಪ್ರಕಾರ ನಿಮ್ಮದು ಬ್ರಿಟಿಷರ 18 ಪೌಂಡರ್ ಫಿರಂಗಿಯದು: ನಳಿಕೆಯ ವ್ಯಾಸ 83.8 ಮಿ.ಮೀ., ಕೇಸಿನ ಉದ್ದ ಸುಮಾರು 295 ಮಿ.ಮೀ. 'ಸಿಎಫ್' ಎಂದರೆ ಕಾರ್ಡೈಟ್ ಮದ್ದಿನ ಪೂರ್ಣ ಪ್ರಮಾಣ. ಬಾಣದ ಗುರುತಿದ್ದರೆ ಅದು ಬ್ರಿಟಿಷ್ ಸರ್ಕಾರದ ಸ್ವತ್ತೆಂಬ ಮುದ್ರೆ. ಫ್ರೆಂಚರ 75 ಮಿ.ಮೀ. ಕೇಸ್ ಇದಕ್ಕಿಂತ ಉದ್ದ, ಸುಮಾರು 350 ಮಿ.ಮೀ.

ಮತ್ತೊಬ್ಬರು: ಹುಣಸೆಹಣ್ಣು ದೇವರ ದೀಪಕ್ಕೆ ಸರಿ, ಇದಕ್ಕೆ ಖಂಡಿತ ಬೇಡ. ಹುಳಿ ಹೆಚ್ಚು ಹೊತ್ತು ನಿಂತರೆ ಹಿತ್ತಾಳೆಯ ಸತು ಕರಗಿ ಮೈ ತಾಮ್ರದಂತೆ ಕೆಂಪಾಗುತ್ತದೆ. ಉಜ್ಜಿದಷ್ಟೂ ತಳದ ಅಕ್ಷರಗಳು ಸವೆದು, ಸಂಗ್ರಾಹಕರು ಹುಡುಕುವ ಗುರುತೇ ಹೋಗುತ್ತದೆ. ಅಮೋನಿಯಾ ಇರುವ ಪಾಲಿಷ್ ಇನ್ನೂ ಅಪಾಯಕಾರಿ. ಬ್ರಿಟಿಷರ ಕಾಲದಲ್ಲಿ ಭಾರತದ ಕುದುರೆಲಾಯಗಳ ಬಳಿ ಇಟ್ಟ ತೋಟಾಗಳ ಹಿತ್ತಾಳೆ ಮಳೆಗಾಲದಲ್ಲಿ ತಾನಾಗಿ ಬಿರುಕು ಬಿಡುತ್ತಿತ್ತು. ಕಾರಣ, ಕುದುರೆಗಳ ಮೂತ್ರದಿಂದೇಳುವ ಅಮೋನಿಯಾ ತೇವದ ಜತೆ ಸೇರಿ, ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಬಿಗಿತವನ್ನು ಬಿರುಕಾಗಿಸುತ್ತಿದ್ದುದು. ಈಗಲೂ ಕೇಸಿನ ಬಾಯಂಚಿನಲ್ಲಿ ಕೂದಲೆಳೆಯಂಥ ಸೀಳಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು, ಜಿಡ್ಡಿದ್ದರೆ ಸೌಮ್ಯ ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಪೂರ್ತಿ ಒಣಗಿಸಿ, ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಸವರಿ. ಕಪ್ಪನ್ನು ಹಾಗೇ ಬಿಡಿ.

ಇನ್ನೊಂದು ಮಾತು: 1916 ಕೇಸ್ ತಯಾರಾದ ವರ್ಷ, ಸಿಡಿಸಿದ ವರ್ಷವಲ್ಲ. ಕೇಸುಗಳನ್ನು ಮತ್ತೆ ತುಂಬಿ ಬಳಸುತ್ತಿದ್ದರು. ಹಾಗಾಗಿ 1916ರಲ್ಲಿ ಫ್ರಾನ್ಸಿನಲ್ಲಿ ನಡೆದ "ಸೋಮ್ ಯುದ್ಧದ್ದು" ಎಂದು ಬೆಲೆ ಏರಿಸುವ ವ್ಯಾಪಾರಿಯ ಮಾತಿಗೆ ದಾಖಲೆ ಕೇಳಿ. ಕೇಸಿನ ಮೇಲೆ ಹೂಬಳ್ಳಿ, ರೆಜಿಮೆಂಟಿನ ಹೆಸರು ಕೆತ್ತಿದ್ದರೆ ಆ ಕೆತ್ತನೆಯ ಸಂದಿಗೆ ಪಾಲಿಷ್ ತಾಗಿಸಬೇಡಿ; ಒಳಗುಳಿದ ಬಿಳಿಪುಡಿ ತೆಗೆಯುವುದು ಬಹಳ ಕಷ್ಟ.