ಸೂಜಿ ಚುಚ್ಚದೆ ಲಿವರ್ ಸ್ಥಿತಿ ತಿಳಿಯಬಹುದಾ? ಅನುಭವ ಇದ್ದವರು ಹೇಳಿ

ಕಾರವಾರದಿಂದ: ನಮ್ಮ ಯಜಮಾನರಿಗೆ 52 ವರ್ಷ. ಕುಡಿಯುವ ಅಭ್ಯಾಸ ಇಲ್ಲ, ಸಕ್ಕರೆ ಕಾಯಿಲೆ ಇದೆ. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ 'ಗ್ರೇಡ್ 2 ಫ್ಯಾಟಿ ಲಿವರ್' ಅಂತ ಬಂತು. ರಕ್ತ ಪರೀಕ್ಷೆಯಲ್ಲಿ ಲಿವರ್ ಕಿಣ್ವಗಳಾದ ಎಸ್‌ಜಿಒಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.10 ಲಕ್ಷ. ಲಿವರ್ ತುಣುಕು ತೆಗೆದು ನೋಡಬೇಕಾಗುತ್ತದೆ ಅಂತ ಯಾರೋ ಹೇಳಿದ ಮೇಲೆ ಅವರು ಡಾಕ್ಟರ ಹತ್ತಿರ ಬರಲಿಕ್ಕೇ ಒಪ್ಪುತ್ತಿಲ್ಲ. ಬೇರೆ ದಾರಿ ಇದೆಯಾ?

ಶಿರಸಿಯಿಂದ: ಅಕ್ಕಾ, ಇದೆ. ಅರ್ಧ ದಾರಿ ನಿಮ್ಮ ಕೈಲಿರುವ ರಿಪೋರ್ಟಿನಲ್ಲೇ ಇದೆ. ಲಿವರ್‌ನಲ್ಲಿ ಗಾಯದ ಕಲೆ ಕೂತು ಅದು ಗಟ್ಟಿಯಾಗಿದೆಯಾ ಅಂತ ಅಂದಾಜು ಮಾಡುವ ಫಿಬ್-4 ಅಂತ ಒಂದು ಲೆಕ್ಕ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ: 52 × 48 = 2496. ಎಸ್‌ಜಿಪಿಟಿಯ ವರ್ಗಮೂಲ ತೆಗೆದು (64ಕ್ಕೆ 8) ಪ್ಲೇಟ್‌ಲೆಟ್‌ನಿಂದ ಗುಣಿಸಿ. ಇಲ್ಲಿ ಬಹಳ ಜನ ತಪ್ಪುತ್ತಾರೆ. ನಮ್ಮ ಲ್ಯಾಬ್‌ನವರು ಲಕ್ಷದಲ್ಲಿ ಬರೆಯುತ್ತಾರೆ, ಲೆಕ್ಕಕ್ಕೆ ಸಾವಿರದಲ್ಲಿ ಬೇಕು, 2.10 ಲಕ್ಷ ಅಂದರೆ 210. ಎಂಟು ಇನ್ನೂರ ಹತ್ತಲ 1680. 2496ನ್ನು ಇದರಿಂದ ಭಾಗಿಸಿದರೆ ಸುಮಾರು 1.49.

1.3ಕ್ಕಿಂತ ಕಡಿಮೆ ಇದ್ದರೆ ಲಿವರ್ ತೀರಾ ಗಟ್ಟಿಯಾಗಿರುವ ಸಂಭವ ಕಡಿಮೆ. 2.67 ದಾಟಿದರೆ ತಡಮಾಡದೆ ಲಿವರ್ ತಜ್ಞರನ್ನು ಕಾಣಬೇಕು. ನಿಮ್ಮವರದು ನಡುವೆ ಇದೆ, ಹಾಗಾಗಿ ಮುಂದಿನ ಪರೀಕ್ಷೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿ ಅಂತ ಹೊರಗಿನಿಂದಲೇ ಅಳೆಯುವುದು), ತುಣುಕು ತೆಗೆಯುವ ಬಯಾಪ್ಸಿ ಅಲ್ಲ. 65 ದಾಟಿದವರಿಗೆ 1.3ರ ಬದಲು 2 ಹಿಡಿಯುತ್ತಾರೆ. 35ರ ಒಳಗಿನವರಿಗೆ ಈ ಲೆಕ್ಕ ನಂಬುವ ಹಾಗಿಲ್ಲ. ಜ್ವರ ಬಿಟ್ಟ ಕೂಡಲೇ ಮಾಡಿಸಿದ ರಕ್ತ ಪರೀಕ್ಷೆಯೂ ಬೇಡ: ಡೆಂಗ್ಯೂ ಇರಲಿ, ಸಿದ್ದಾಪುರ ಕಡೆಯ ಮಂಗನ ಕಾಯಿಲೆ ಇರಲಿ, ಪ್ಲೇಟ್‌ಲೆಟ್ ಇಳಿದು ಎಸ್‌ಜಿಒಟಿ ಏರಿರುತ್ತದೆ.

ಇಷ್ಟು ಒತ್ತಿ ಹೇಳಲಿಕ್ಕೆ ಕಾರಣ ನಮ್ಮ ಅಪ್ಪಯ್ಯ. ಆರು ವರ್ಷ ಅವರ ಸ್ಕ್ಯಾನಿಂಗ್‌ನಲ್ಲಿ 'ಗ್ರೇಡ್ 1' ಅಂತಲೇ ಬರುತ್ತಿತ್ತು, ನಾವು ನೆಮ್ಮದಿಯಿಂದ ಇದ್ದೆವು. ಕಾಲು ಊದಿಕೊಂಡ ಮೇಲೆ ಸಿರೋಸಿಸ್ (ಲಿವರ್ ತುಂಬಾ ಕಲೆಗಟ್ಟಿದ ಸ್ಥಿತಿ) ಅಂತ ತಿಳಿಯಿತು. ಆಮೇಲೆ ಹಳೇ ಕಾಗದ ಹುಡುಕಿ ಲೆಕ್ಕ ಹಾಕಿದರೆ, ಎರಡು ವರ್ಷದ ಹಿಂದೆಯೇ 3 ದಾಟಿತ್ತು. ಗ್ರೇಡ್ ಹೇಳುವುದು ಕೊಬ್ಬು ಎಷ್ಟಿದೆ ಅಂತ. ಗಾಯದ ಕಲೆ ಎಷ್ಟು ಕೂತಿದೆ ಅಂತ ಅದು ಹೇಳುವುದಿಲ್ಲ, ಆದರೆ ಜೀವಕ್ಕೆ ಕುತ್ತು ತರುವುದು ಆ ಕಲೆ.

ಅಂಕೋಲಾದಿಂದ: ಫೈಬ್ರೋಸ್ಕ್ಯಾನ್ ನಾನು ಹುಬ್ಬಳ್ಳಿಯಲ್ಲಿ ಮಾಡಿಸಿಕೊಂಡೆ. ಯಜಮಾನರಿಗೆ ಧೈರ್ಯ ಹೇಳಿ, ನೋವು ಒಂಚೂರೂ ಇಲ್ಲ. ಬಲಗೈ ತಲೆ ಹಿಂದೆ ಇಟ್ಟು ಮಲಗಿಸಿ, ಪಕ್ಕೆಲುಬಿನ ಸಂದಿಗೆ ಜೆಲ್ ಹಚ್ಚಿ, ಬೆರಳಲ್ಲಿ ಮೆಲ್ಲಗೆ ತಟ್ಟಿದ ಹಾಗೆ ಹತ್ತು ಸಲ ತಟ್ಟುತ್ತದೆ. ಹತ್ತು ನಿಮಿಷದ ಕೆಲಸ. ಮೂರು ತಾಸು ಹೊಟ್ಟೆ ಖಾಲಿ ಇರಬೇಕು. ಗೊತ್ತಿಲ್ಲದೆ ಯಲ್ಲಾಪುರದಲ್ಲಿ ಬಸ್ ನಿಂತಾಗ ಬನ್ಸ್ ತಿಂದು, ಮಧ್ಯಾಹ್ನದವರೆಗೆ ಕಾದೆ. ನನಗೆ ಗಟ್ಟಿತನದ ಅಳತೆ 6.4 ಕಿಲೋಪಾಸ್ಕಲ್ ಬಂತು. 8ರ ಒಳಗಿದ್ದರೆ ಹೆಚ್ಚಿನ ಕಲೆ ಇರುವ ಸಂಭವ ಕಡಿಮೆ ಅಂದರು. ಅದೇ ಯಂತ್ರ ಕೊಬ್ಬನ್ನೂ ಬೇರೆಯಾಗಿ ಅಳೆಯುತ್ತದೆ.

ಕುಮಟಾದಿಂದ: ತೆಳ್ಳಗಿದ್ದೇವೆ ಅಂತ ಬಿಡಬೇಡಿ. ನನ್ನ ತೂಕ 54 ಕಿಲೋ, ಎಸ್‌ಜಿಪಿಟಿ ಸರಿಯಾಗೇ ಇತ್ತು, ಆದರೂ ಫ್ಯಾಟಿ ಲಿವರ್. ಡಾಕ್ಟರು ಮೊದಲು ಟೇಪು ಹಿಡಿದು ಸೊಂಟದ ಸುತ್ತಳತೆ ತೆಗೆದರು. ನಮ್ಮ ಕಡೆಯವರಿಗೆ ಹೆಂಗಸರಲ್ಲಿ 80 ಸೆಂಟಿಮೀಟರ್, ಗಂಡಸರಲ್ಲಿ 90 ಮೀರಬಾರದಂತೆ. ಹೆಂಗಸಾದ ನನ್ನದು 88 ಇತ್ತು.

ಕಾರವಾರದಿಂದ: 1.49 ಅಂತ ಕಾಗದದಲ್ಲಿ ಲೆಕ್ಕ ಬಿಡಿಸಿ ತೋರಿಸಿದೆ. ಅವರು ತಾವೇ ಇನ್ನೊಮ್ಮೆ ಲೆಕ್ಕ ಹಾಕಿ ನೋಡಿದರು. ಗುರುವಾರ ಮೊದಲ ಬಸ್ಸಿಗೆ ಹೊರಡುತ್ತೇವೆ, ಯಲ್ಲಾಪುರದಲ್ಲಿ ಏನೂ ತಿನ್ನುವುದಿಲ್ಲ.