ಡಯಲ್ ಪ್ಯಾನೆಲ್ಲೋ, ಗಾಜಿನ ಕಾಕ್‌ಪಿಟ್ಟೋ: ಹಾರಾಟ ಯಾವುದರಲ್ಲಿ ಕಲಿಯುವುದು?

ಅಮಾನಿಕೆರೆ ಹಕ್ಕಿ, ತುಮಕೂರು

ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಆಗಿದೆ, ಸಿಪಿಎಲ್‌ಗೆ (ವಾಣಿಜ್ಯ ಪೈಲಟ್ ಲೈಸೆನ್ಸ್) ಸೇರಬೇಕು. ನೋಡಿಟ್ಟಿರುವುದು ಎರಡು ಶಾಲೆ. ಒಂದರಲ್ಲಿ ಆರು ಡಯಲ್‌ಗಳ ಹಳೆಯ ಸೆಸ್ನಾ 172, ಇನ್ನೊಂದರಲ್ಲಿ ಅದೇ 172, ಆದರೆ ಗಾರ್ಮಿನ್ ಜಿ1000 ಪರದೆಯದ್ದು, ಅಂದರೆ ಗಾಜಿನ ಕಾಕ್‌ಪಿಟ್. ಪರದೆಯದ್ದಕ್ಕೆ ಗಂಟೆಯ ದರ ಜಾಸ್ತಿ, 200 ಗಂಟೆಗೆ ಗುಣಿಸಿದರೆ ಸಣ್ಣ ಮೊತ್ತವಲ್ಲ. ಹೇಗೂ ಮುಂದೆ ಎ320, 737ರಲ್ಲಿ ಇರುವುದೆಲ್ಲ ಪರದೆಯೇ. ಹಾಗಿದ್ದ ಮೇಲೆ ಡಯಲ್ ಕಲಿತು ಸಿಗುವುದೇನು? "ಡಯಲ್ ಕಲಿತವನೇ ಪೈಲಟ್" ಅನ್ನುವ ಮಾತು ಬೇಡ, ಕಾರಣ ಬೇಕು.

ಸ್ಟಾಟಿಕ್ ಪೋರ್ಟ್, ಕೋಲಾರ

ಡಯಲ್‌ನಲ್ಲೇ ಶುರು ಮಾಡಿ. ಯಾವ ಮುಳ್ಳಿಗೆ ಯಾವುದು ಆಧಾರ ಅನ್ನುವುದು ಅಲ್ಲಿ ಕಣ್ಣೆದುರಿಗೇ ಇರುತ್ತದೆ. ಏರ್‌ಸ್ಪೀಡ್‌ಗೆ ಪಿಟೋಟ್ (ಎದುರು ಗಾಳಿಯ ಒತ್ತಡ ಹಿಡಿಯುವ ಕೊಳವೆ), ಸ್ಟಾಟಿಕ್ (ಸುತ್ತಲಿನ ಗಾಳಿಯ ಒತ್ತಡ ಹಿಡಿಯುವ ತೂತು) ಎರಡೂ ಬೇಕು. ಎತ್ತರ ತೋರಿಸುವ ಆಲ್ಟಿಮೀಟರ್ ಮತ್ತು ಏರಿಳಿಯುವ ವೇಗ ತೋರಿಸುವ ವಿಎಸ್‌ಐಗೆ ಸ್ಟಾಟಿಕ್ ಒಂದೇ ಸಾಕು. ಆಟಿಟ್ಯೂಡ್ (ವಿಮಾನದ ಓರೆ), ಹೆಡಿಂಗ್ (ದಿಕ್ಕು) ಗೈರೊಗಳನ್ನು ತಿರುಗಿಸುವುದು ಎಂಜಿನ್ನಿನ ವ್ಯಾಕ್ಯೂಮ್ ಪಂಪ್. ತಿರುವು ತೋರಿಸುವ ಟರ್ನ್ ಕೋಆರ್ಡಿನೇಟರ್ ಮಾತ್ರ ಕರೆಂಟಿನದು. ಪಂಪ್ ಕೈಕೊಟ್ಟಾಗ ಒಂದಾದರೂ ಉಳಿಯಲಿ ಎಂದು ಬೇಕೆಂದೇ ಹಾಗೆ ಹಂಚಿದ್ದಾರೆ.

ಪಂಪ್ ಕೆಟ್ಟಾಗ ಏನಾಗುತ್ತದೆ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ. ಆಟಿಟ್ಯೂಡ್ ಇಂಡಿಕೇಟರ್ ಥಟ್ಟನೆ ಬಿದ್ದುಹೋಗುವುದಿಲ್ಲ. ಸುತ್ತು ಕಡಿಮೆಯಾದ ಬುಗುರಿ ತಲೆದೂಗುತ್ತದಲ್ಲ, ಹಾಗೆ ಒಳಗಿನ ರೋಟರ್ ನಿಧಾನವಾಗುತ್ತಾ ಕೃತಕ ದಿಗಂತ ಮೆಲ್ಲಗೆ ಒಂದು ಕಡೆ ವಾಲುತ್ತದೆ. ಅದನ್ನು "ಸರಿಪಡಿಸಲು" ಹೋದವನು ನೆಟ್ಟಗೆ ಹೋಗುತ್ತಿದ್ದ ವಿಮಾನವನ್ನು ತಾನೇ ವಾಲಿಸುತ್ತಾನೆ. ಮೋಡದೊಳಗೆ ಜೀವ ಹೋಗುವುದು ಹೀಗೆ. ಹಳೆಯ ಉಪಕರಣಗಳಲ್ಲಿ ಬಹಳಷ್ಟಕ್ಕೆ ಎಚ್ಚರಿಕೆಯ ಕೆಂಪು ಬಾವುಟವೂ ಇರುವುದಿಲ್ಲ. ಆದ್ದರಿಂದ ಪಂಪಿನ ಎಳೆತ ತೋರಿಸುವ ಸಕ್ಷನ್ ಗೇಜ್ ಪಾದರಸದ 4.5ರಿಂದ 5.5 ಇಂಚಿನ ನಡುವೆ ಇದೆಯೇ ಎಂದು ಆಗಾಗ ಕಣ್ಣು ಹಾಯಿಸಬೇಕು. ಟರ್ನ್ ಕೋಆರ್ಡಿನೇಟರ್‌ನಲ್ಲಿ ರೆಕ್ಕೆ ಸಮ, ಚೆಂಡು ನಡುವೆ, ಕಂಪಾಸ್ ಕದಲುತ್ತಿಲ್ಲ, ಆದರೂ ದಿಗಂತ ವಾಲಿದೆ ಎಂದರೆ ಸುಳ್ಳು ಹೇಳುತ್ತಿರುವುದು ದಿಗಂತವೇ. ತಕ್ಷಣ ಅದರ ಮುಖಕ್ಕೆ ಕಾಗದ ಅಂಟಿಸಿ ಮುಚ್ಚಿಬಿಡಿ. ತೆರೆದಿದ್ದರೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಇನ್ನು ಪಿಟೋಟ್. ಕವರ್ ಹಾಕದೆ ಬಿಟ್ಟರೆ ಮಣ್ಣುಗೂಡು ಕಟ್ಟುವ ಕಡಜಕ್ಕೆ ಆ ತೂತು ಹೇಳಿ ಮಾಡಿಸಿದ ಜಾಗ. ಮುಂದಿನ ತೂತು ಮಾತ್ರ ಮುಚ್ಚಿ, ನೀರು ಹೊರಹೋಗುವ ಡ್ರೇನ್ ತೂತು ತೆರೆದಿದ್ದರೆ ಏರ್‌ಸ್ಪೀಡ್ ಸೊನ್ನೆಗೆ ಇಳಿಯುತ್ತದೆ. ಎರಡೂ ಮುಚ್ಚಿದ್ದರೆ ಅದು ಆಲ್ಟಿಮೀಟರ್ ಥರ ವರ್ತಿಸುತ್ತದೆ: ಮೇಲೇರಿದಷ್ಟೂ ವೇಗ ಏರಿದಂತೆ ತೋರುತ್ತದೆ, ಮೂಗೆತ್ತಿದಷ್ಟೂ ಇನ್ನಷ್ಟು. ಕೊನೆಗೆ ಸ್ಟಾಲ್, ಅಂದರೆ ರೆಕ್ಕೆಗೆ ಎತ್ತುವ ಬಲವೇ ತಪ್ಪುತ್ತದೆ. ಗಾಜಿನ ಪರದೆಯ ಹಿಂದೆಯೂ ಇರುವುದು ಇದೇ ಕೊಳವೆ, ಏರ್ ಡೇಟಾ ಕಂಪ್ಯೂಟರ್ ಅದರ ಒತ್ತಡವನ್ನು ಅಂಕಿ ಮಾಡಿ ತೋರಿಸುತ್ತದೆ ಅಷ್ಟೆ.

ನಂದಿ ಗಾಳಿ, ಚಿಕ್ಕಬಳ್ಳಾಪುರ

ಕೊಳವೆಯ ಮಾತು ಒಪ್ಪಿದೆ. ಆದರೆ ಪಂಪ್ ವಿಷಯದಲ್ಲಿ ಗಾಜಿನದ್ದೇ ಪ್ರಾಮಾಣಿಕ. ವಿಮಾನದ ಓರೆ, ದಿಕ್ಕು ಅಳೆಯುವ ಎಎಚ್‌ಆರ್‌ಎಸ್ ಕೆಟ್ಟರೆ ದಿಗಂತ ನಿಧಾನಕ್ಕೆ ವಾಲುತ್ತಾ ಮೋಸ ಮಾಡುವುದಿಲ್ಲ, ಆ ಜಾಗದಲ್ಲಿ ದೊಡ್ಡ ಕೆಂಪು ಇಂಟು ಗುರುತು ಬರುತ್ತದೆ.

ಗಾಜಿನಲ್ಲಿ ಕೆಡುವುದು ಕಲಿಯುವವನ ಕಣ್ಣು. ಡಯಲ್‌ನಲ್ಲಿ ಮುಳ್ಳಿನ ಓರೆ ನೋಡಿದರೆ ಸಾಕು. ಪರದೆಯ ವೇಗದ ಪಟ್ಟಿಯಲ್ಲಿ (ಟೇಪ್) 71, 72, 70 ಎಂದು ಅಂಕಿ ಕುಣಿಯುತ್ತದೆ, ಕೈ ಅದರ ಹಿಂದೆ ಓಡುತ್ತದೆ. ಇನ್ನು 6 ಸೆಕೆಂಡಿಗೆ ವೇಗ ಎಷ್ಟಾಗುತ್ತದೆ ಎಂದು ಹೇಳುವ ಮಜೆಂಟಾ ಗೆರೆಯನ್ನೂ ಹಿಡಿಯಲು ಹೋದರೆ ವಿಮಾನ ಮೀನಿನ ಹಾಗೆ ಮೇಲೆ ಕೆಳಗೆ ಈಜುತ್ತದೆ. ಮೊದಲ 10-15 ಗಂಟೆ ಪಿಎಫ್‌ಡಿಯನ್ನು (ಹಾರಾಟದ ಮುಖ್ಯ ಪರದೆ) ಮುಚ್ಚಿಸಿ, ಸ್ಟ್ಯಾಂಡ್‌ಬೈ ಉಪಕರಣ ಮಾತ್ರ ಬಿಟ್ಟು ಕಲಿಸಿ ಎಂದು ಇನ್‌ಸ್ಟ್ರಕ್ಟರ್‌ಗೆ ಕೇಳಿ. 172ರಲ್ಲಿ 2,300 ಆರ್‌ಪಿಎಂ ಇಟ್ಟು, ಹೊರಗಿನ ದಿಗಂತಕ್ಕೆ ಮೂಗು ಎಲ್ಲಿ ಕೂರುತ್ತದೆ ನೋಡಿಕೊಂಡರೆ ವೇಗ 100 ನಾಟ್‌ನ ಆಸುಪಾಸಿಗೆ ತಾನೇ ಬಂದು ನಿಲ್ಲುತ್ತದೆ.

ಗಾಜಿನ ಇನ್ನೊಂದು ಪಾಠ ಕರೆಂಟು. ಆಲ್ಟರ್ನೇಟರ್ ಹೋದರೆ ವೋಲ್ಟೇಜ್ ಎಚ್ಚರಿಕೆ ಬರುತ್ತದೆ, ಮೊದಲು ಮುಖ್ಯ ಬ್ಯಾಟರಿ, ಆಮೇಲೆ ಸುಮಾರು 30 ನಿಮಿಷದ ಸ್ಟ್ಯಾಂಡ್‌ಬೈ ಬ್ಯಾಟರಿ. ಎಂಎಫ್‌ಡಿ (ನಕ್ಷೆ ತೋರಿಸುವ ಎರಡನೆಯ ಪರದೆ), ದೀಪ, ಎರಡನೆಯ ರೇಡಿಯೊ ಯಾವ ಕ್ರಮದಲ್ಲಿ ಆರಿಸಬೇಕು ಅನ್ನುವುದು ಚೆಕ್‌ಲಿಸ್ಟ್ ಹುಡುಕುವ ಮೊದಲೇ ಬಾಯಲ್ಲಿರಬೇಕು. ಒಂದೇ ಪರದೆ ಆರಿದರೆ ಎರಡು ಪರದೆಗಳ ನಡುವಿನ ಆಡಿಯೊ ಪ್ಯಾನೆಲ್‌ನ ಕೆಂಪು ಬಟನ್ ಒತ್ತಿದರೆ ಬೇಕಾದದ್ದೆಲ್ಲ ಉಳಿದ ಪರದೆಗೆ ಬರುತ್ತದೆ. ನೆಲದ ಮೇಲೆ ಕಣ್ಣು ಮುಚ್ಚಿ ಅದನ್ನು ಒತ್ತುವಷ್ಟು ಅಭ್ಯಾಸ ಮಾಡಿ. ಗುಬುಟುಗಳ ಕೆಲಸವನ್ನೆಲ್ಲ ಗಾರ್ಮಿನ್‌ನ ಪಿಸಿ ಟ್ರೇನರ್‌ನಲ್ಲಿ ಮನೆಯಲ್ಲೇ ಕಲಿಯಿರಿ. ಎಂಜಿನ್ ಓಡುತ್ತಿರುವಾಗ ಮೆನು ಹುಡುಕಿದರೆ ಅದಕ್ಕೂ ಗಂಟೆಯ ದರವೇ.

ಅಂದಹಾಗೆ, ಅಮೆರಿಕದ ಸಾರಿಗೆ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ 2010ರಲ್ಲಿ ಸಣ್ಣ ವಿಮಾನಗಳನ್ನು ಹೋಲಿಸಿ ನೋಡಿತ್ತು. ಗಾಜಿನ ಕಾಕ್‌ಪಿಟ್ ಇದ್ದವುಗಳಲ್ಲಿ ಒಟ್ಟು ಅಪಘಾತದ ಪ್ರಮಾಣ ಕಡಿಮೆ, ಸಾವಿನ ಅಪಘಾತದ ಪ್ರಮಾಣ ಹೆಚ್ಚು. ಪರದೆ ತಾನಾಗಿ ಯಾರನ್ನೂ ಕಾಪಾಡುವುದಿಲ್ಲ, ಅದಕ್ಕೆಂದೇ ತರಬೇತಿ ಬೇಕು ಎಂದೇ ಅವರೂ ಒತ್ತಿ ಹೇಳಿದ್ದು.

ಕೆರೆ ಏರಿ, ಕೋಲಾರ

ಇಬ್ಬರೂ ದಾರಿ ಹುಡುಕುವ ವಿಷಯ ಬಿಟ್ಟಿದ್ದೀರಿ. ನನ್ನ ಮಟ್ಟಿಗೆ ಗಾಜಿನ ನಿಜವಾದ ಅಪಾಯ ಇರುವುದು ಅಲ್ಲೇ.

ಮನೆಯ ಸಿಮ್ಯುಲೇಟರ್‌ನಲ್ಲಿ ಕೋಲಾರದಿಂದ ತುಮಕೂರಿಗೆ ಹಾರಿ ನೋಡಿ. ನೇರ ಗೆರೆ ದೇವನಹಳ್ಳಿ ವಿಮಾನ ನಿಲ್ದಾಣದ ಆಕಾಶಕ್ಕೇ ಹೋಗುವುದರಿಂದ ಇದು ಅಭ್ಯಾಸಕ್ಕೆ ಮಾತ್ರ. ದೂರ ಸುಮಾರು 61 ನಾಟಿಕಲ್ ಮೈಲಿ. ಮುಂಗಾರಿನ ಪಡುವಣ ಗಾಳಿ 25 ನಾಟ್ ಎಂದು ಹಾಕಿ. 100 ನಾಟ್ ವಿಮಾನಕ್ಕೆ ಹೋಗಲು 49 ನಿಮಿಷ, ಬರಲು 29. ಇಂಧನದ ಲೆಕ್ಕ ಎಲ್ಲಿ ತಪ್ಪುತ್ತದೆ ಅನ್ನುವುದು ಆ 20 ನಿಮಿಷದಲ್ಲಿದೆ. ಪರದೆಯ ನಕ್ಷೆಯಲ್ಲಿ ಜಿಪಿಎಸ್ ದಾರಿ ತೋರಿಸುವ ಮಜೆಂಟಾ ಗೆರೆ ಹಿಡಿದು ಹೋದವನಿಗೆ ಈ ಅಂಕಿಗಳು ಮೂಲೆಯಲ್ಲಿ ಬಿದ್ದಿರುತ್ತವೆ, ತಲೆಯೊಳಗೆ ಇರುವುದಿಲ್ಲ. ಜಿಪಿಎಸ್ ಆರಿಸಿ, ಕಾಗದದ ನಕ್ಷೆ ಮತ್ತು ಗಡಿಯಾರ ಇಟ್ಟುಕೊಳ್ಳಿ. 30 ಮೈಲಿ ಹೋದಾಗ 3 ಮೈಲಿ ಬಲಕ್ಕೆ ಸರಿದಿದ್ದರೆ ತಪ್ಪು 6 ಡಿಗ್ರಿ. ಅಷ್ಟು ಎಡಕ್ಕೆ ತಿರುಗಿದರೆ ಗೆರೆಗೆ ಸಮಾನಾಂತರ ಆಗುತ್ತೀರಿ ಅಷ್ಟೆ, ಊರು ತಲುಪಲು ಉಳಿದ ದೂರದ ಕೋನವನ್ನೂ ಸೇರಿಸಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ಗುರುತಿಗೆ ಕೆರೆಯೊಂದನ್ನೇ ನಂಬಬೇಡಿ. ನಕ್ಷೆಯಲ್ಲಿ ನೀಲಿ ಇದ್ದದ್ದು ಏಪ್ರಿಲ್‌ನಲ್ಲಿ ಜಾಲಿ ಬೆಳೆದ ಬಯಲು. ಇನ್ನೊಂದು ಕಡೆ, ವರ್ಷಗಟ್ಟಲೆ ಒಣಗಿದ್ದ ಕೋಲಾರದ ಕೆರೆಗಳಲ್ಲಿ ಈಗ ಬೆಂಗಳೂರಿನಿಂದ ಶುದ್ಧೀಕರಿಸಿ ತಂದ ಕೆ.ಸಿ. ವ್ಯಾಲಿ ನೀರು. ಕೆಜಿಎಫ್‌ನ ಸೈನೈಡ್ ದಿಬ್ಬ, ಪಾವಗಡದ ಸೋಲಾರ್ ಪಾರ್ಕ್, ನಂದಿಬೆಟ್ಟದ ಬಂಡೆ ಯಾವ ಕಾಲದಲ್ಲೂ ಜಾಗ ಬಿಟ್ಟು ಕದಲುವುದಿಲ್ಲ.

ಅಮಾನಿಕೆರೆ ಹಕ್ಕಿ, ತುಮಕೂರು

ಕಾರಣ ಸಿಕ್ಕಿತು, ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ. ಡಯಲ್‌ನ ಹೆಡಿಂಗ್ ಇಂಡಿಕೇಟರನ್ನು ಕಂಪಾಸ್ ನೋಡಿ ಹೊಂದಿಸುತ್ತಲೇ ಇರಬೇಕಂತೆ. ತಿರುಗುವಾಗ ಆ ಕಂಪಾಸೇ ತಪ್ಪು ತೋರಿಸಿದರೆ?

ಸ್ಟಾಟಿಕ್ ಪೋರ್ಟ್, ಕೋಲಾರ

ತಿರುಗುವಾಗ ಹೊಂದಿಸಲೇಬಾರದು. ರೆಕ್ಕೆ ಸಮ ಇಟ್ಟು, ವೇಗ ಬದಲಿಸದೆ, ಕಂಪಾಸ್‌ನೊಳಗಿನ ದ್ರವ ಅಲುಗಾಡುವುದು ನಿಂತ ಮೇಲೆ ಓದಿ, 15 ನಿಮಿಷಕ್ಕೊಮ್ಮೆ ಹೊಂದಿಸಿ. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಭೂಮಿ ತಿರುಗುವುದರಿಂದ ಬರುವ ಜಾರುವಿಕೆ ಗಂಟೆಗೆ ಸುಮಾರು 3.4 ಡಿಗ್ರಿ ಮಾತ್ರ. 15 ನಿಮಿಷದಲ್ಲಿ 3 ಡಿಗ್ರಿಗಿಂತ ಹೆಚ್ಚು ಜಾರಿದರೆ ಗೈರೊ ಬೇರಿಂಗ್ ಸವೆದಿದೆ ಎಂದು ಎಂಜಿನಿಯರ್‌ಗೆ ಬರೆದುಕೊಡಿ.

ತಿರುಗುವಾಗಿನ ತಪ್ಪಿಗೆ ಕಾರಣ ಕಾಂತಸೂಜಿಯ ಓಲು, ಅಂದರೆ ಸೂಜಿ ನೆಲದ ಕಡೆಗೆ ಬಾಗುವುದು (ಡಿಪ್). ಆ ಓಲು ಸೊನ್ನೆಯಾಗುವ ಕಾಂತೀಯ ಸಮಭಾಜಕ ನಮಗೆ ಬಹಳ ಹತ್ತಿರ, ಕೇರಳದ ತುಂಬಾ ಎಂಬ ಊರಿನ ಆಸುಪಾಸಿನಲ್ಲೇ ಹಾದುಹೋಗುತ್ತದೆ, ಹಾಗಾಗಿ ನಮ್ಮಲ್ಲಿ ಆ ಓಲು ಕಡಿಮೆ. ವಿದೇಶಿ ಪುಸ್ತಕದಲ್ಲಿ ಉತ್ತರಕ್ಕೆ ತಿರುಗುವಾಗ 30-40 ಡಿಗ್ರಿ ಮೊದಲೇ ನಿಲ್ಲಿಸಿ ಎಂದಿದ್ದರೆ ಅದು ಅವರ ಅಕ್ಷಾಂಶದ ಲೆಕ್ಕ. ಇಲ್ಲಿ ಅಷ್ಟು ಮೊದಲೇ ನಿಲ್ಲಿಸಿದರೆ ಉತ್ತರ ತಲುಪುವುದೇ ಇಲ್ಲ. ಪರೀಕ್ಷೆಗೆ ಮಾತ್ರ ಉತ್ತರಾರ್ಧಗೋಳದ ನಿಯಮವನ್ನು ಇದ್ದ ಹಾಗೇ ಬರೆಯಿರಿ.